ಹಳೆಯ ಫೋಟೋಗಳು: ಮೊದಲು ಸ್ಕ್ಯಾನ್ ಆಗಲಿಯೇ, ವಿವರ ಸಿಗಲಿಯೇ?

ಕಾರವಾರದಂಥ ಊರಿನ ಮ್ಯೂಸಿಯಂ ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟರೆ, ಮೊದಲ ವರ್ಷದ ದುಡ್ಡು ಯಾವುದಕ್ಕೆ ಹೋಗಬೇಕು? ಸ್ಕ್ಯಾನ್‌ಗೋ, ಫೋಟೋದಲ್ಲಿರುವವರು ಯಾರೆಂದು ಜನರನ್ನು ಕೇಳಿ ಬರೆದುಕೊಳ್ಳುವುದಕ್ಕೋ?

ಪರ: ಮೊದಲು ಸ್ಕ್ಯಾನ್ ಮಾಡಿ

ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ? ಬೀರುವಿನೊಳಗಿನ ಸೀರೆಗೂ ಬೂಷ್ಟು ಹಿಡಿಯುತ್ತದೆ. ಫೋಟೋ ಕಾಗದದ ಮೇಲೆ ಚಿತ್ರ ನಿಂತಿರುವುದು ಜೆಲಾಟಿನ್ ಪದರದಲ್ಲಿ. ತೇವ ತಾಗಿದರೆ ಅದು ಮೆತ್ತಗಾಗಿ ಪಕ್ಕದ ಫೋಟೋಕ್ಕೋ, ಚೌಕಟ್ಟಿನ ಗಾಜಿಗೋ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಅಸಿಟೇಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಹಳೆಯ ನೆಗೆಟಿವ್‌ಗಳ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂತೆಂದರೆ ಫಿಲ್ಮ್ ಹಾಳಾಗಲು ಶುರುವಾಗಿದೆ ಅಂತಲೇ. ತಂಪಿನಲ್ಲಿಟ್ಟರೆ ನಿಧಾನವಾಗಬಹುದು, ಗುಣವಾಗುವುದಿಲ್ಲ.

ಹಾಗಾಗಿ ಪ್ರತಿ ಫೋಟೋಕ್ಕೆ ಒಂದು ನಂಬರ್ ಕೊಡಿ, ಮುಂಬದಿ ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡಿ. ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದ ಒಂದು ಹೆಸರು ಎಷ್ಟೋ ಸಲ ಚಿತ್ರದಷ್ಟೇ ಬೆಲೆಯುಳ್ಳದ್ದು. 600 ಪಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಎ4 ಅಳತೆಯ ಬಣ್ಣದ ಟಿಫ್ (ಗುಣಮಟ್ಟ ಕಳೆಯದ ಚಿತ್ರದ) ಫೈಲು ಸುಮಾರು 100 ಎಂಬಿ ಆಗುತ್ತದೆ. ಅಂಥ 5000 ಫೈಲು 500 ಜಿಬಿ, ಒಂದು ಸಣ್ಣ ಹಾರ್ಡ್ ಡಿಸ್ಕಿಗೆ ಸಾಕು. ಮೂರು ಪ್ರತಿ ಇಡಿ, ಒಂದು ಬೇರೆ ಊರಲ್ಲಿರಲಿ. ಶಿರಸಿಯಲ್ಲಿಟ್ಟರೂ ನಡೆದೀತು, ಸಮುದ್ರದಿಂದ ದೂರ.

ವಿವರ ಹತ್ತು ವರ್ಷ ಬಿಟ್ಟೂ ಬರೆಯಬಹುದು. ಕಿತ್ತುಹೋದ ಮುಖವನ್ನು ಮತ್ತೆ ತರಲು ಆಗುತ್ತದೆಯೇ?

ವಿರೋಧ: ಮೊದಲು ಜನರನ್ನು ಕೇಳಿ

ಹತ್ತು ವರ್ಷ ಬಿಟ್ಟು ಯಾರನ್ನು ಕೇಳುತ್ತೀರಿ? ಕಾರವಾರದ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆದದ್ದು 1986ರಲ್ಲಿ. ಅದಕ್ಕಾಗಿ ಅರ್ಗಾ ಕಡೆಯ ಮನೆ, ತೆಂಗಿನ ತೋಟ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವರಲ್ಲಿ ಆಗ ಮೂವತ್ತು ದಾಟಿದ್ದವರಿಗೆ ಈಗ ಎಪ್ಪತ್ತರ ಮೇಲಾಗಿದೆ. ಯಾವ ದಂಡೆ, ಯಾರ ಬಲೆ, ಫೋಟೋದಲ್ಲಿ ತಲೆ ತಗ್ಗಿಸಿ ನಿಂತ ಹುಡುಗ ಯಾರ ಮಗ, ಇದೆಲ್ಲ ಅವರಿಗೆ ಮಾತ್ರ ಗೊತ್ತು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನೋಡಿದವರು ಆಗಲೇ ಹೋದರು. ಆ ಕಾಲದ ಗುಂಪು ಫೋಟೋ ಸಿಕ್ಕರೂ ಹಿಂದಿನ ಸಾಲಿನವರ ಹೆಸರು ಹೇಳುವವರು ಬೇಕಲ್ವಾ?

ವಿನೆಗರ್ ವಾಸನೆ ಬರುವ ಡಬ್ಬಿಯನ್ನು ಕೂಡಲೇ ಬೇರೆ ಇಟ್ಟು ಸ್ಕ್ಯಾನ್ ಮಾಡಿ, ಅದಕ್ಕೆ ನನ್ನ ತಕರಾರಿಲ್ಲ. ಉಳಿದವಕ್ಕೆ ಕೋಣೆಯ ತೇವ ತೆಗೆಯುವ ಯಂತ್ರ, ಆಮ್ಲವಿಲ್ಲದ ಕಾಗದದ ಲಕೋಟೆ ಸಿಕ್ಕರೆ ಇನ್ನೂ ಕೆಲವು ವರ್ಷ ತಡೆಯುತ್ತವೆ. ಸ್ಕ್ಯಾನ್‌ಗೇ ದುಡ್ಡು ಮುಗಿಸಿದರೆ ಮೂಲ ಫೋಟೋಗಳು ಅದೇ ಹಸಿ ಬೀರುವಿಗೆ ವಾಪಸ್ ಹೋಗುತ್ತವೆ. ಕೈಯಲ್ಲಿ ಉಳಿಯುವುದು ಬರೀ ನಂಬರ್ ಇರುವ ಸಾವಿರಾರು ಫೈಲು. ಹುಡುಕಿದರೆ ಏನೂ ಸಿಗದ ಸಂಗ್ರಹ ಯಾರಿಗೆ ಬೇಕು?

ಇನ್ನೊಂದು ಮಾತು ನನಗೆ ತೀರಾ ಮುಖ್ಯ. ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಸಮುದಾಯದ ಹೆಂಗಸರನ್ನು, ಸಿದ್ದಿ ಸಮುದಾಯದ ಕುಟುಂಬಗಳನ್ನು ಹೊರಗಿನವರು ಬಂದು ಫೋಟೋ ತೆಗೆದುಕೊಂಡು ಹೋದದ್ದು ಬಹಳ. ಹೆಸರು ಬರೆದುಕೊಂಡವರು ಕಡಿಮೆ. ತೀರಾ ಹಳೆಯ ಎಷ್ಟೋ ಫೋಟೋಗಳಿಗೆ ಹಕ್ಕುಸ್ವಾಮ್ಯದ ಅವಧಿ ಮುಗಿದಿರುತ್ತದೆ, ಸರಿ. ಹಾಗಂತ ಯಾರದೋ ಅಜ್ಜಿಯ ಚಿತ್ರವನ್ನು ಮನೆಯವರಿಗೆ ಒಂದು ಮಾತೂ ಹೇಳದೆ ಇಂಟರ್‌ನೆಟ್ಟಿಗೆ ಹಾಕುವುದೇ? ಪ್ರಿಂಟ್ ಹಿಡಿದುಕೊಂಡು ಅಂಕೋಲೆ, ಕುಮಟಾ ಕಡೆಯ ಕೊಪ್ಪಗಳಿಗೆ (ಹಾಲಕ್ಕಿ ಕೇರಿಗಳಿಗೆ) ಹೋಗಿ. ಜಗಲಿಯಲ್ಲಿ ಕೂತು ತೋರಿಸಿ, ಹೆಸರು ಕೇಳಿ ಬರೆದುಕೊಳ್ಳಿ. ಬೇಡ ಅಂದವರ ಫೋಟೋ ಹಾಕಬೇಡಿ. ಹಾಕಿ ಅಂದವರಿಗೆ ಒಂದು ಒಳ್ಳೆಯ ಪ್ರತಿ ಕೊಟ್ಟು ಬನ್ನಿ.