ಆ ಒಂದು ಫೈಲ್ ಹುಡುಕಿಕೊಂಡು ಹೋಗಬೇಡಿ

ನಿನ್ನೆ ರಾತ್ರಿ ಗೆಳೆಯನೊಬ್ಬ ತನ್ನ ಸ್ಕ್ರೀನ್ ಫೋಟೋ ತೆಗೆದು ಕಳಿಸಿದ್ದ. 'ಎಂಎಸ್‌ವಿಸಿಪಿ140.ಡಿಎಲ್‌ಎಲ್ ಇಲ್ಲ, ಪ್ರೋಗ್ರಾಂ ಶುರುವಾಗುವುದಿಲ್ಲ' ಅನ್ನೋ ಎರರ್. ಕೆಳಗೆ ಅವನ ಪ್ರಶ್ನೆ: "ಈ ಫೈಲ್ ಎಲ್ಲಿ ಸಿಗತ್ತೋ? ಲಿಂಕ್ ಇದ್ರೆ ಕಳಿಸು."

ನಾನು ಕಳಿಸಲಿಲ್ಲ. ಯಾಕೆಂದರೆ ಇದೇ ದಾರಿಯಲ್ಲಿ ಹೋಗಿ ನಾನೂ ಒಮ್ಮೆ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಯಾವುದೋ ಸೈಟಿನಿಂದ ಫೈಲ್ ಇಳಿಸಿ ಹಾಕಿದೆ. ಆಗ ಪ್ರೋಗ್ರಾಂ 'ವಿಸಿರನ್‌ಟೈಮ್140 ಇಲ್ಲ' ಅಂತು. ಅದನ್ನೂ ತಂದು ಹಾಕಿದೆ. ಈಗ '0ಎಕ್ಸ್‌ಸಿ000007ಬಿ' ಅನ್ನೋ ಹೊಸ ಎರರ್!

ಡಿಎಲ್‌ಎಲ್ ಅಂದರೆ ವಿಂಡೋಸ್‌ನಲ್ಲಿ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಇರುವ ಫೈಲ್. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ಎಸ್‌ಒ ಫೈಲ್‌ಗಳಿವೆ. ಜಾಗ ಉಳಿಯುತ್ತದೆ, ಒಂದು ಕಡೆ ರಿಪೇರಿ ಮಾಡಿದರೆ ಎಲ್ಲರಿಗೂ ಸಿಗುತ್ತದೆ. ಆದರೆ ಅದೊಂದು ಕೆಟ್ಟರೆ ಅದನ್ನು ನೆಚ್ಚಿಕೊಂಡವರೆಲ್ಲ ಒಟ್ಟಿಗೆ ಮಲಗುತ್ತಾರೆ.

ನನ್ನ ಸಿಟ್ಟು ಇರುವುದು ಆ ಎರರ್ ಸಂದೇಶದ ಮೇಲೆ. ಫೈಲಿನ ಹೆಸರು ಹೇಳುತ್ತದೆ, ಅದು ಯಾವ ಪ್ಯಾಕೇಜಿನದು ಅಂತ ಹೇಳುವುದಿಲ್ಲ. ಓದಿದವರು ಹೆಸರನ್ನೇ ಗೂಗಲ್ ಮಾಡುತ್ತಾರೆ, ಅಲ್ವಾ? ಈ ಎರಡೂ ಫೈಲ್ ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅನ್ನೋ ಪ್ಯಾಕೇಜಿನವು. ಅದನ್ನು ಮೈಕ್ರೋಸಾಫ್ಟ್ ಸೈಟಿನಿಂದಲೇ ತಂದು ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. 64 ಬಿಟ್ ವಿಂಡೋಸ್ ಇದ್ದರೂ ಎಕ್ಸ್86 (32 ಬಿಟ್‌ನದು), ಎಕ್ಸ್64 (64 ಬಿಟ್‌ನದು) ಎರಡನ್ನೂ ಹಾಕಿ. 32 ಬಿಟ್ ಪ್ರೋಗ್ರಾಂಗೆ 32 ಬಿಟ್ ಡಿಎಲ್‌ಎಲ್ಲೇ ಬೇಕು. ನನ್ನ ಹೊಸ ಎರರ್‌ಗೂ ಈ ಅದಲುಬದಲೇ ಕಾರಣ. ತಮಾಷೆ ಏನೆಂದರೆ, ಅಂಥ ವಿಂಡೋಸ್‌ನಲ್ಲಿ 'ಸಿಸ್ಟಮ್32' ಫೋಲ್ಡರ್‌ನಲ್ಲಿರುವುದು 64 ಬಿಟ್ ಫೈಲ್‌ಗಳು. 32 ಬಿಟ್‌ನವು 'ಸಿಸ್‌ವಾವ್64'ನಲ್ಲಿ! ಕೈಯಾರೆ ಹಾಕಲು ಹೋದವರು ಎಡವದೆ ಇನ್ನೇನು?

ಇನ್ನೊಂದು ವಿಷಯ. ಡಿಎಲ್‌ಎಲ್ ಸುಮ್ನೆ ಕೂರುವ ಫೈಲ್ ಅಲ್ಲ. ಪ್ರೋಗ್ರಾಂ ಒಳಗೆ ಸೇರಿಕೊಂಡು ಓಡುತ್ತದೆ, ಪ್ರೋಗ್ರಾಂಗೆ ಏನೇನು ಮಾಡಲು ಬಿಟ್ಟಿದ್ದೀರೋ ಅದನ್ನೆಲ್ಲ ಅದೂ ಮಾಡಬಹುದು. ಗೊತ್ತಿಲ್ಲದವರ ಕೈಯಿಂದ ಅದನ್ನು ತಂದು ಹಾಕುವುದು ಮನೆ ಬೀಗದ ಕೈ ಕೊಟ್ಟ ಹಾಗೆ.

ಕಳೆದುಹೋದದ್ದು ವಿಂಡೋಸ್‌ನದೇ ಫೈಲ್ ಆದರೆ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ' (sfc /scannow) ಓಡಿಸಿ, ಅದು ವಿಂಡೋಸ್ ಫೈಲ್‌ಗಳನ್ನು ಪರೀಕ್ಷಿಸಿ ಸರಿಮಾಡಲು ನೋಡುತ್ತದೆ. ಆ್ಯಪ್‌ನದೇ ಫೈಲ್ ಆದರೆ ಆ್ಯಪನ್ನು ಮತ್ತೆ ಇನ್‌ಸ್ಟಾಲ್ ಮಾಡಿ. ಅದಕ್ಕೂ ಮೊದಲು ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿ (ಅನುಮಾನದ ಮೇಲೆ ಕೂಡಿಹಾಕಿದ ಫೈಲ್‌ಗಳ ಪಟ್ಟಿ) ನೋಡಿ, ಎಷ್ಟೋ ಸಲ ಫೈಲ್ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಇನ್ನು ಕೆಲವೊಮ್ಮೆ ಹೆಸರು ಹೇಳಿದ ಫೈಲ್ ಕಣ್ಣೆದುರೇ ಇರುತ್ತದೆ, ಆದರೂ 'ಸಿಗಲಿಲ್ಲ' ಅನ್ನುತ್ತದೆ! ಆಗ ಆ ಫೈಲಿಗೆ ಬೇಕಾದ ಮತ್ತೊಂದು ಡಿಎಲ್‌ಎಲ್ ಇಲ್ಲ ಅಂತ ಅನುಮಾನಿಸಿ.

ಲಿನಕ್ಸ್‌ನವರು ನಗಬೇಡಿ. ಉಬುಂಟು ಅನ್ನೋ ಲಿನಕ್ಸ್‌ನ 22.04 ಆವೃತ್ತಿಯಲ್ಲಿ, ಸುರಕ್ಷಿತ ಸಂಪರ್ಕಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ನ 3ನೇ ಆವೃತ್ತಿ ಬಂದಾಗ 'ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1 ಇಲ್ಲ' ಅಂತ ಅಲ್ಲೂ ಗೋಳಾಯಿತು. ಹೊಸ ಫೈಲಿಗೆ ಹಳೆ ಹೆಸರಿನ ಲಿಂಕ್ ಕೊಟ್ಟು ನೋಡಿದವರೂ ಇದ್ದಾರೆ, ಆದರೆ ಅದು ಪರಿಹಾರವಲ್ಲ. ಹೆಸರಲ್ಲಿರುವ ಆ ನಂಬರ್ ಬದಲಾಗಿದೆ ಅಂದರೆ ಹಳೆಯದಕ್ಕೂ ಹೊಸದಕ್ಕೂ ತಾಳೆಯಾಗುವುದಿಲ್ಲ ಅಂತಲೇ ಅರ್ಥ.

ಗೆಳೆಯ ಎರಡೂ ಪ್ಯಾಕೇಜ್ ಹಾಕಿಕೊಂಡ, ಪ್ರೋಗ್ರಾಂ ತೆರೆಯಿತು. ಆಮೇಲೆ ಮೆಲ್ಲಗೆ ಹೇಳಿದ, ನನ್ನನ್ನು ಕೇಳುವ ಮೊದಲೇ ಅದೇ ಹೆಸರಿನ ಫೈಲನ್ನು ಮೂರು ಸೈಟಿನಿಂದ ಇಳಿಸಿಕೊಂಡಿದ್ದನಂತೆ. ಮೂರನ್ನೂ ಡಿಲೀಟ್ ಮಾಡಿಸಿ, ವೈರಸ್ ಸ್ಕ್ಯಾನ್ ಹಾಕಿಸಿ ಮಲಗಿದೆ.