ಜೇನಿನ ಮನೆ ಪಾಲು

ಹಿತ್ತಲ ಹಲಸಿನ ಮರದಡಿ ಇರೋ ಜೇನು ಪೆಟ್ಟಿಗೆ ಮುಚ್ಚಳ ತೆಗೆಯೋಕೆ ನಂಗೆ ಈಗ್ಲೂ ಒಂಥರಾ ಸಂಕೋಚ, ಹೇಳದೇ ಕೇಳದೇ ಯಾರದ್ದೋ ಅಡುಗೆಮನೆಗೆ ನುಗ್ಗಿದ ಹಾಗೆ. ಅದ್ರಲ್ಲೂ ಮೊಟ್ಟೆ ಮರಿ ಇರೋ ಕೆಳಗಿನ ಕೋಣೆಗೆ ಹೆಸರೇ ಸಂಸಾರ ಕೋಣೆ. ಆದ್ರೆ ಫಾಲ್ಗುಣ ಬಂತು, ಮಾವು ಗೇರು ಹೂ ಬಿಟ್ಟಿದೆ, ನಮ್ಮ ಶಿರಸಿ ಕಡೆ ಈಗ ವಾರಕ್ಕೊಂದ್ಸಲ ನೋಡದಿದ್ರೆ ಜೇನು ಪಾಲಾಗಿ ಎದ್ದು ಹೋಗ್ತವೆ.

ಹೊಗೆ ಹಾಕೋಕೆ ತೆಂಗಿನ ಗುಂಜಿಗೆ ಬೆಂಕಿ ಹಚ್ಕೊಂಡು ಹೋಗಿ ಪೆಟ್ಟಿಗೆಗೆ ಕೈ ತಾಗಿಸಿದ್ನೋ ಇಲ್ವೋ ಒಳಗಿಂದ ಎಲ್ಲಾ ಒಟ್ಟಿಗೆ 'ಸ್ಸ್' ಅಂದ್ವು. ತುಡುವೆ ಜೇನಿನ ಅಭ್ಯಾಸ ಅದು, ಯಾರದು ಅಂತ ಕೇಳಿದ ಹಾಗೆ. ಹೋದ ವರ್ಷ ತಿಂಡಿ ಆದ್ಮೇಲೆ ಎರಡು ಬಾಳೆಹಣ್ಣು ತಿಂದು ಹಾಗೇ ಹೋಗಿದ್ದೆ, ಜೇನು ಚುಚ್ಚಿದಾಗ ಉಳಿದವನ್ನ ಕರೆಯೋಕೆ ಬಿಡೋ ವಾಸನೆಯೂ ಬಾಳೆಹಣ್ಣಿನ ವಾಸನೆಯೂ ಹೆಚ್ಚುಕಮ್ಮಿ ಒಂದೇ ಅಂತ ಗೊತ್ತಾಗಿದ್ದು ಮುಖ ಊದಿದ ಮೇಲೆ, ಅಡಿಕೆ ಸುಲಿಯೋರೆಲ್ಲ ಕತ್ತಿ ಕೆಳಗಿಟ್ಟು ನಕ್ಕಿದ್ರು.

ಒಂದೊಂದೇ ಎರಿ, ಅಂದ್ರೆ ಮೇಣದ ತಟ್ಟೆ, ಎತ್ತಿ ಬೆಳಕಿಗೆ ಹಿಡಿದೆ. ರಾಣಿ ನಂಗೆ ಕಾಣಿಸೋದು ಹತ್ತರಲ್ಲಿ ಒಂದ್ಸಲ, ಆದ್ರೆ ಎರಿಯ ಕಣ್ಣಿನ ತಳದಲ್ಲಿ ನುಚ್ಚಿಗಿಂತ ಸಣ್ಣ ಮೊಟ್ಟೆ ನೆಟ್ಟಗೆ ನಿಂತಿದ್ರೆ ಸಾಕು, ನಿನ್ನೆ ಮೊನ್ನೆ ಇಲ್ಲೇ ಓಡಾಡಿದಾಳೆ ಅಂತ ಲೆಕ್ಕ. ಮರಿ ಬೆಳ್ಳಗೆ ಹೊಳೀತಿದ್ಯಾ, ಅಥವಾ ನೀರು ತುಂಬಿದ ಚೀಲದ ಹಾಗೆ ಆಗಿದ್ಯಾ ಅಂತ ಎರಡೆರಡು ಸಲ ನೋಡೋದು ಅಪ್ಪನಿಂದ ಬಂದ ಭಯ, 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆ ಮೇಲೆ ಪೆಟ್ಟಿಗೆ ಖಾಲಿಯಾಗಿದ್ದನ್ನ ಅವರು ನೋಡಿದವರು. ಮರಿ ಚೆನ್ನಾಗೇ ಇತ್ತು. ಗಂಡು ನೊಣದ ಕೋಶಗಳ ಮುಚ್ಚಳದಲ್ಲಿ ಸೂಜಿ ಚುಚ್ಚಿದಂಥ ತೂತು ಇರುತ್ತೆ, ಅದು ತುಂಬಾ ಕಂಡ್ರೆ ಮುಂದಿನದು ಗೊತ್ತೇ ಇದೆ: ಎರಿಯ ಕೆಳಅಂಚಲ್ಲಿ ಶೇಂಗಾಕಾಯಿ ಹಾಗೆ ಜೋತಿದ್ದ ಮೂರು ರಾಣಿ ಕೋಶ, ಹೊಸ ರಾಣಿ ಬೆಳೆಯೋ ಜಾಗ.

ಪಾಲಿಗೆ ರೆಡಿ ಅಂತ ಅರ್ಥ.

ನಮ್ಮೂರಲ್ಲಿ ಪಾಲು ಅಂದ್ರೆ ಸರ್ವೆಯವರು ಬರ್ಬೇಕು, ಬಚ್ಚಲ ಹಂಡೆ ಯಾರಿಗೆ ಬಾವಿ ಯಾರಿಗೆ ಅಂತ ಜಗಳ ಆಗ್ಬೇಕು, ಆಮೇಲೆ ಹತ್ತು ವರ್ಷ ಮಾತಿಲ್ಲ. ಇಲ್ಲಿ ನೋಡಿದ್ರೆ ಅಮ್ಮನೇ, ಹಳೇ ರಾಣಿನೇ, ಕಟ್ಟಿದ ಮನೆ ತುಂಬಿದ ಉಗ್ರಾಣ ಎಲ್ಲಾ ಇನ್ನೂ ಹುಟ್ಟದ ಮಗಳಿಗೆ ಬಿಟ್ಟು ಅರ್ಧ ಸಂಸಾರ ಕಟ್ಕೊಂಡು ಹೊರಡ್ತಾಳೆ, ಜೊತೆಗೆ ಹೋಗೋರು ಹೊಟ್ಟೆತುಂಬ ಜೇನುತುಪ್ಪ ಕುಡ್ಕೊಂಡಿರ್ತಾರೆ, ಅಷ್ಟೇ ಬುತ್ತಿ. ಹಾಗಂತ ತೀರಾ ಹೊಗಳೋದೂ ಬೇಡ, ಮೊದಲು ಹುಟ್ಟಿದ ಮಗಳು ಮಾಡೋ ಮೊದಲ ಕೆಲಸ ಕೋಶದಲ್ಲಿರೋ ತಂಗಿಯರನ್ನ ಚುಚ್ಚಿ ಮುಗಿಸೋದು.

ಕೋಶ ಚಿವುಟಿ ಹಾಕಿದ್ರೆ ಸದ್ಯಕ್ಕೆ ನಿಲ್ತಾವೆ. ಮನಸ್ಸಾಗ್ಲಿಲ್ಲ, ಖಾಲಿ ಪೆಟ್ಟಿಗೆಯೊಂದು ಅಟ್ಟದ ಮೇಲಿತ್ತಲ್ಲ, ಅದನ್ನ ತರೋಕೆ ಒಳಗೆ ಹೊರಟೆ.

"ಎಂತಾತೋ, ತುಪ್ಪ ಸಿಕ್ತೋ?" ಜಗಲಿಯಿಂದ ಅಮ್ಮ.

"ಇಲ್ಲಮ್ಮ, ಪಾಲು ಮಾಡ್ಬೇಕು."

ಅಮ್ಮ ಕೈಲಿದ್ದ ಮೊರ ಹಾಗೇ ಕೆಳಗಿಟ್ಟು, "ಪಾಲಾ? ಈಗ ಯಾರು ಕೇಳಿದ್ರೋ?" ಅಂದ್ಲು. ಜೇನಿಂದು ಅಂತ ಬಿಡಿಸಿ ಹೇಳಿದ ಮೇಲೇ ಮೊರ ಮತ್ತೆ ಎತ್ಕೊಂಡಿದ್ದು.