ದ್ವೀಪದ ಅವಾಂತರಕ್ಕೆ ಗುರುವಾರವೇ ಮುಹೂರ್ತ

ಬೆಂಗಳೂರಿನ ಪಿಜಿಯಲ್ಲಿರುವ ಇಪ್ಪತ್ತಾರರ ಹುಡುಗ ಸ್ಕೂಬಾ ಡೈವಿಂಗಿಗೆಂದು ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೊರಟನೆಂದರೆ ಅವನೊಳಗೆ ಮೂರು ಮಂದಿ ಹೊರಟಿರುತ್ತಾರೆ. ಆರು ವಾರದ ಹಿಂದೆ ಜಿಮ್ ಸೇರಿದವನು ಒಬ್ಬ. ಬಸ್ಸಿನಲ್ಲಿ ನಿದ್ದೆ ಬಿಟ್ಟು ರಾತ್ರಿ ಎರಡರವರೆಗೆ ರೀಲ್ಸ್ ತಳ್ಳುವವನು ಇನ್ನೊಬ್ಬ. ಕಾರಣವಿಲ್ಲದೆ 'ಯಾಕೋ ಮೂಡಿಲ್ಲ ಮಗಾ' ಎನ್ನುವವನು ಮತ್ತೊಬ್ಬ. ಮೂವರೂ ಒಂದೇ ಟೀಶರ್ಟಿನಲ್ಲಿರುವುದರಿಂದ ಒಂದು ಟಿಕೆಟ್ಟಿನಲ್ಲಿ ಕೆಲಸ ಆಗುತ್ತದೆ. ವಾಪಸು ಬಂದ ಮೇಲೆ ಮೂವರೂ ಸೇರಿ ಸಮುದ್ರವನ್ನು ಬೈಯುತ್ತಾರೆ. ಸಮುದ್ರದ ತಪ್ಪು ಇದರಲ್ಲಿ ಕಡಿಮೆ. ಶನಿವಾರ ಬೆಳಿಗ್ಗೆ ದೋಣಿಯಲ್ಲಿ ನಡೆಯುವ ಅವಾಂತರಕ್ಕೆ ಗುರುವಾರ ಸಂಜೆಯೇ ಮುಹೂರ್ತ ಇಟ್ಟಾಗಿರುತ್ತದೆ.

ಗುರುವಾರ ಜಿಮ್ಮಿನಲ್ಲಿ ಲೆಗ್ ಡೇ, ಅಂದರೆ ಕಾಲಿನ ಕಸರತ್ತಿನ ದಿನ. ಟ್ರಿಪ್ಪಿಗೆ ಮುಂಚೆ 'ಕೊನೇ ಪಂಪ್' ಎಂದು ಹುಡುಗ ಎಂದಿಗಿಂತ ಎರಡು ಸೆಟ್ ಸ್ಕ್ವಾಟ್ ಜಾಸ್ತಿ ಹೊಡೆಯುತ್ತಾನೆ. ಸ್ಕ್ವಾಟಿನಲ್ಲಿ ತೊಡೆಗೆ ಪೆಟ್ಟು ಬೀಳುವುದು ಮುಖ್ಯವಾಗಿ ಭಾರ ಹೊತ್ತು ಕೆಳಗಿಳಿಯುವಾಗ, ಸ್ನಾಯು ಹಿಗ್ಗುತ್ತಲೇ ಬಿಗಿಯಾಗಿರಬೇಕಾದ ಹೊತ್ತಿನಲ್ಲಿ. ಆ ನೋವು ಆಗಲೇ ಗೊತ್ತಾಗುವುದಿಲ್ಲ. ಮಾರನೇ ದಿನ ಶುರುವಾಗಿ, 24ರಿಂದ 72 ಗಂಟೆಯೊಳಗೆ ತುತ್ತತುದಿಗೆ ಹೋಗುತ್ತದೆ. ಗುರುವಾರ ಸಂಜೆ ಏಳರಿಂದ ಶನಿವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ 36 ಗಂಟೆ. ಮೊದಲ ಪರೀಕ್ಷೆ ಅದಕ್ಕೂ ಮುಂಚೆ, ಶುಕ್ರವಾರ ನಡುರಾತ್ರಿ ಬಸ್ಸು ನಿಲ್ಲಿಸುವ ಹೋಟೆಲಿನ ಹಿಂಭಾಗದಲ್ಲಿ. ಅಲ್ಲಿರುವುದು ನೆಲಮಟ್ಟದ ಕಮೋಡು. ಕೂರುವುದು ಹೇಗೋ ಆಗುತ್ತದೆ, ಏಳಲು ಹಿಡಿಯುವುದಕ್ಕೆ ಇರುವುದು ನಲ್ಲಿಯೊಂದೇ. ನಲ್ಲಿಯೂ ಅವನ ಜೊತೆ ಎದ್ದು ಬರುತ್ತದೆ. ಪ್ರಯಾಣಕ್ಕೆ ನಾಲ್ಕೈದು ದಿನ ಮುಂಚೆ ಕಾಲಿನ ವ್ಯಾಯಾಮ ನಿಲ್ಲಿಸಿ, ಆಮೇಲೆ ಬರೀ ನಡೆದಾಡಿದ್ದರೆ ಆ ನಲ್ಲಿ ಇನ್ನೂ ಗೋಡೆಯಲ್ಲೇ ಇರುತ್ತಿತ್ತು.

ಬ್ಯಾಗಿನಲ್ಲಿ ಪ್ರೋಟೀನ್ ಪುಡಿ ಕಲಸುವ ಶೇಕರ್ ಇರುತ್ತದೆ. ಪುಡಿ ಮೊದಲು, ನೀರು ಆಮೇಲೆ ಹಾಕುವುದು ಹುಡುಗರ ಸಾಮಾನ್ಯ ಕ್ರಮ. ಪುಡಿ ತಳದಲ್ಲಿ ಗಟ್ಟಿಯಾಗಿ ಕೂತು, ಎಷ್ಟು ಅಲ್ಲಾಡಿಸಿದರೂ ಮುದ್ದೆಯಾಗಿಯೇ ಉಳಿಯುತ್ತದೆ. ತಣ್ಣೀರು ಮೊದಲು ಹಾಕಬೇಕು, ಬಿಸಿನೀರಂತೂ ಬೇಡವೇ ಬೇಡ. ಮುದ್ದೆಗಿಂತ ಅಪಾಯ ತಳದಲ್ಲಿ ಬಿಟ್ಟ ಎರಡು ಗುಟುಕಿನದು. ಸೆಕೆಯ ರಾತ್ರಿ ಬಿಗಿ ಮುಚ್ಚಳದೊಳಗೆ ಅದು ಹುಳಿ ಬಂದು ಗ್ಯಾಸ್ ಕಟ್ಟುತ್ತದೆ. ಬೆಳಿಗ್ಗೆ ತೆಗೆದಾಗ 'ಟಪ್' ಎನ್ನುವ ಸದ್ದಿಗೆ ಮುಂದಿನ ಸೀಟಿನವರು ಎಚ್ಚರಗೊಳ್ಳುತ್ತಾರೆ, ವಾಸನೆಗೆ ಹಿಂದಿನ ಸೀಟಿನವರು.

ಮುರುಡೇಶ್ವರದಲ್ಲಿ ಇಳಿದಾಗ ಹುಡುಗ ನಿದ್ದೆ ಮಾಡಿರುವುದು ಮೂರೂವರೆ ಗಂಟೆ. 123 ಅಡಿ ಎತ್ತರದ ಶಿವ ಶಾಂತವಾಗಿ ಕೂತಿದ್ದಾನೆ, ಹುಡುಗನಿಗೆ ಆ ಭಾಗ್ಯವಿಲ್ಲ. ತಿಂಡಿಯ ಪ್ರಶ್ನೆ ಎದುರಾಗುತ್ತದೆ. ದೋಣಿ ಹತ್ತುವವರಲ್ಲಿ ಎರಡು ಪಂಥಗಳಿವೆ. ವಾಂತಿಯ ಹೆದರಿಕೆಗೆ ಏನೂ ತಿನ್ನದವರದು ಒಂದು, ಕರಾವಳಿಗೆ ಬಂದ ಮೇಲೆ ಬಿಡುವುದುಂಟೇ ಎಂದು ನಾಲ್ಕು ಬನ್ಸ್ ಮುಗಿಸುವವರದು ಇನ್ನೊಂದು. ಎರಡೂ ಪಂಥದವರು ಒಂದೇ ದೋಣಿಯ ಅಂಚಿನಲ್ಲಿ ಭೇಟಿಯಾಗುತ್ತಾರೆ. ಖಾಲಿ ಹೊಟ್ಟೆಯೂ ತೊಳಸುತ್ತದೆ, ಎಣ್ಣೆಯಲ್ಲಿ ಕರಿದದ್ದೂ ತೊಳಸುತ್ತದೆ. ಹೊರಡುವ ಎರಡು ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು ಸಾಕು. ವಾಂತಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಅದನ್ನು ದಡದಲ್ಲೇ, ಒಂದು ಗಂಟೆ ಮುಂಚೆ ನುಂಗಿರಬೇಕು. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ಉಳಿದರೆ ತಾನೇ ಕೆಲಸ ಮಾಡುವುದು? ಮಂಪರು ತರುವ ಮಾತ್ರೆಯಾದರೆ ಡೈವಿಂಗ್ ಕಲಿಸುವವರಿಗೆ ಮೊದಲೇ ಹೇಳಬೇಕು. ನೀರಿನಡಿಯಲ್ಲಿ ತೂಕಡಿಸುವವನನ್ನು ಯಾರೂ ಇಷ್ಟಪಡುವುದಿಲ್ಲ.

ದ್ವೀಪ ತೀರದಿಂದ ಸುಮಾರು 19 ಕಿಲೋಮೀಟರ್. ದೋಣಿಯ ಮೂತಿಯಲ್ಲಿ ಕೂತರೆ ಫೋಟೋ ಚೆನ್ನಾಗಿ ಬರುತ್ತದೆ, ಏರಿಳಿತ ಹೆಚ್ಚಿರುವುದೂ ಅಲ್ಲಿಯೇ. "ನಡುವೆ ಬಂದು ಕೂತ್ಕೊಳ್ಳಿ ಮಾರಾಯ್ರೆ" ಎಂದು ದೋಣಿಯವರು ಹೇಳುವುದು ಸೌಜನ್ಯಕ್ಕಲ್ಲ, ಆಮೇಲೆ ದೋಣಿ ತೊಳೆಯಬೇಕಾದವರು ಅವರು. ಒಳಗಿವಿ 'ಅಲ್ಲಾಡುತ್ತಿದ್ದೇವೆ' ಎನ್ನುತ್ತದೆ, ಮೊಬೈಲ್ ಪರದೆಯಲ್ಲಿ ನೆಟ್ಟ ಕಣ್ಣು 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಈ ಜಗಳವನ್ನು ತೀರ್ಮಾನಿಸಲಾಗದ ಮೆದುಳು ಕೋಪವನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳುತ್ತದೆ. ಮೊಬೈಲ್ ಒಳಗಿಟ್ಟು ನೀರು-ಆಕಾಶ ಸೇರುವ ಗೆರೆಯನ್ನು ನೋಡುತ್ತಿದ್ದರೆ ರಾಜಿಯಾಗುತ್ತದೆ. ಆಗದಿದ್ದರೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ, ಅದಕ್ಕೆ ಬೆನ್ನು ಮಾಡಿ ಬಾಗಬೇಕು. ಗಾಳಿಗೆ ಎದುರಾಗಿ ಬಾಗಿದವನ ಗೆಳೆತನ ಅಂದೇ ಮುಗಿಯುತ್ತದೆ.

ಇನ್ನು ಡೈವಿಂಗ್. ಜಿಮ್ಮಿನಲ್ಲಿ ಕಲಿತದ್ದೆಲ್ಲ ತಲೆಕೆಳಗಾಗುವುದು ಇಲ್ಲಿ. ಆರು ವಾರ ಬೆವರಿಳಿಸಿ ಎರಡು ಕಿಲೋ ಕರಗಿಸಿದವನ ಸೊಂಟಕ್ಕೆ ಮೊದಲ ಕೆಲಸವಾಗಿ ನಾಲ್ಕು ಕಿಲೋ ಸೀಸ ಕಟ್ಟುತ್ತಾರೆ, ಇಲ್ಲದಿದ್ದರೆ ಮುಳುಗುವುದೇ ಇಲ್ಲ. ಬೆನ್ನಿಗೆ ಉಸಿರಾಟದ ಗಾಳಿ ತುಂಬಿದ ಹದಿನೈದು ಕಿಲೋ ಆಸುಪಾಸಿನ ಸಿಲಿಂಡರ್ ಬರುತ್ತದೆ. ಗುರುವಾರದ ತೊಡೆ ಆಗ ಮಾತಾಡತೊಡಗುತ್ತದೆ.

ಜಿಮ್ಮಿನಲ್ಲಿ ಭಾರ ಎತ್ತುವಾಗ ಹೊಟ್ಟೆ ಬಿಗಿಹಿಡಿದು ಉಸಿರು ಕಟ್ಟುವುದು ರೂಢಿ. ಸ್ಕೂಬಾದ ಮೊದಲ ನಿಯಮವೇ ಉಸಿರು ಕಟ್ಟಬೇಡ ಎಂಬುದು. ಕಾರಣ ಸರಳವಾದ ಭೌತಶಾಸ್ತ್ರ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಅಲ್ಲಿ ಎದೆ ತುಂಬಿಕೊಂಡ ಗಾಳಿಯನ್ನು ಹಿಡಿದಿಟ್ಟು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗಬೇಕು, ಶ್ವಾಸಕೋಶಕ್ಕೆ ಅಷ್ಟು ಉದಾರತೆಯಿಲ್ಲ. ಆದ್ದರಿಂದ ಬಾಯಲ್ಲಿ ನಿಧಾನವಾಗಿ ಒಳಗೆ, ಇನ್ನೂ ನಿಧಾನವಾಗಿ ಹೊರಗೆ, ಎಡೆಬಿಡದೆ ಉಸಿರಾಡುತ್ತಿರಬೇಕು.

ಕಿವಿಯ ಲೆಕ್ಕವೂ ಇದೇ ಒತ್ತಡದ್ದು. ಮೂಗು ಹಿಡಿದು ಮೆತ್ತಗೆ ಊದಿ ಕಿವಿಯನ್ನು ಸಮ ಮಾಡಿಕೊಳ್ಳುವುದನ್ನು ದಡದಲ್ಲೇ ಹೇಳಿಕೊಟ್ಟಿರುತ್ತಾರೆ. ನೋವು ಬಂದ ಮೇಲೆ ಮಾಡೋಣ ಎಂದು ಕಾಯುವುದು ಎಲ್ಲರ ತಪ್ಪು. ನೋಯುವ ಮೊದಲೇ, ಅರ್ಧ-ಒಂದು ಮೀಟರಿಗೊಮ್ಮೆ ಊದುತ್ತಾ ಇಳಿಯಬೇಕು. ನೋವು ಶುರುವಾಗಿದ್ದರೆ ಜೋರಾಗಿ ಊದದೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಶುಕ್ರವಾರ ರಾತ್ರಿ ಬಸ್ಸಿನ ಎಸಿ ಗಾಳಿಗೆ ತಲೆಯೊಡ್ಡಿ ಮೂಗು ಕಟ್ಟಿಸಿಕೊಂಡವನಿಗೆ ಏನು ಮಾಡಿದರೂ ಕಿವಿ ಬಿಡುವುದಿಲ್ಲ. ಮೂಗು ಬಿಡಿಸುವ ಹನಿ ಹಾಕಿಕೊಂಡು ಇಳಿಯುವ ಜಾಣರಿದ್ದಾರೆ. ಅದರ ಪ್ರಭಾವ ನೀರಿನಡಿಯಲ್ಲೇ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಶೀತವಾಗಿದ್ದರೆ ಅಂದು ದೋಣಿಯಲ್ಲಿ ಕೂತು ಬೇರೆಯವರ ಚಪ್ಪಲಿ ಕಾಯುವುದೇ ಸರಿಯಾದ ಕೆಲಸ.

ಮೀಸೆಯ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಕಣ್ಣು-ಮೂಗು ಮುಚ್ಚುವ ಡೈವಿಂಗ್ ಮಾಸ್ಕಿನ ಸಿಲಿಕೋನ್ ಅಂಚು ಮೇಲ್ದುಟಿಗೆ ಅಂಟಿ ಕೂರಬೇಕು. ದಪ್ಪ ಮೀಸೆಯಿದ್ದರೆ ಕೂದಲಿನ ನಡುವಿನಿಂದ ನೀರು ನುಗ್ಗುತ್ತದೆ. ಮೂಗಿನ ಕೆಳಗೆ ಒಂದು ತೆಳ್ಳನೆಯ ಪಟ್ಟಿಯಷ್ಟು ಬೋಳಿಸಿದರೆ ಸಾಕು. ಆದರೆ ಆರು ತಿಂಗಳು ಎಣ್ಣೆ ಹಚ್ಚಿ ಸಾಕಿದ್ದನ್ನು ಯಾವ ಹುಡುಗ ಬೋಳಿಸುತ್ತಾನೆ? ನಕ್ಕರೂ ಅದೇ ಕತೆ, ಕೆನ್ನೆ ಮಡಿಚಿ ಅಂಚು ಎದ್ದು ನೀರು ಬರುತ್ತದೆ. ಕ್ಯಾಮೆರಾ ಎದುರು ನಗದಿರುವ ಶಿಸ್ತು ಈ ತಲೆಮಾರಿಗೆ ಕಷ್ಟ. ನೀರು ಬಂದರೆ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿಹಿಡಿದು, ಮುಖ ತುಸು ಮೇಲೆತ್ತಿ ಮೂಗಿನಿಂದ ಊದಬೇಕು, ನೀರು ಕೆಳಗಿನಿಂದ ಹೋಗುತ್ತದೆ. ಗಾಜು ಮಬ್ಬಾಗದಿರಲು ಒಳಗಡೆ ಉಗುಳು ಸವರಿ ತೊಳೆಯುವುದು ಹಳೆಯ ಉಪಾಯ, ಈಗಲೂ ನಡೆಯುತ್ತದೆ. ಹಣೆಗೆ ಧಾರಾಳವಾಗಿ ಸನ್‌ಸ್ಕ್ರೀನ್ ಮೆತ್ತಿದವನ ಮಾಸ್ಕು ಜಾರುತ್ತದೆ, ಕ್ರೀಮು ಕಣ್ಣಿಗಿಳಿಯುತ್ತದೆ. ಅವನು ನೀರಿನಡಿಯಲ್ಲಿ ಅಳುತ್ತಿದ್ದಾನೆಂದು ಮೀನಿಗೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅವಾಂತರ ಹೆಬ್ಬೆರಳಿನದು. ನೀರಿನಡಿಯಲ್ಲಿ 'ಸರಿ ಇದ್ದೇನೆ' ಎನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಏನೋ ಸರಿಯಿಲ್ಲ ಎನ್ನಲು ಅಂಗೈ ಚಪ್ಪಟೆ ಮಾಡಿ ಆಚೀಚೆ ಅಲ್ಲಾಡಿಸಬೇಕು. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ದಿನಕ್ಕೆ ನೂರು ಸಲ ವಾಟ್ಸಾಪಿನಲ್ಲಿ ಹೆಬ್ಬೆರಳು ಒತ್ತುವ ಕೈ ಇದನ್ನು ಹೇಗೆ ನೆನಪಿಟ್ಟೀತು? ಎಂಟು ಮೀಟರ್ ಆಳದಲ್ಲಿ ಬಣ್ಣದ ಮೀನಿನ ಹಿಂಡು ಕಂಡು ಪುಳಕಗೊಂಡ ಹುಡುಗ 'ಸೂಪರ್' ಎಂದು ಹೆಬ್ಬೆರಳು ಎತ್ತುತ್ತಾನೆ. ಕಲಿಸುವವರು ತಲೆಯಾಡಿಸಿ ಮೇಲಕ್ಕೆ ಕರೆದುಕೊಂಡು ಹೊರಡುತ್ತಾರೆ. 'ಬೇಡ, ಬೇಡ' ಎನ್ನಲು ಹುಡುಗ ಇನ್ನೊಂದು ಹೆಬ್ಬೆರಳನ್ನೂ ಎತ್ತುತ್ತಾನೆ. ತುರ್ತು ಎಂದುಕೊಂಡು ಅವರು ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ.

ಇತ್ತ ಅದೇ ದೋಣಿಯಲ್ಲಿ ಬಂದ, ನಿವೃತ್ತಿಗೆ ಎರಡು ವರ್ಷವಿರುವ ಹೊಟ್ಟೆಯ ಅಂಕಲ್ ಇನ್ನೂ ಕೆಳಗೇ ಇರುತ್ತಾರೆ. ಇದರಲ್ಲಿ ಅನ್ಯಾಯವೇನಿಲ್ಲ. ಹತ್ತು ಮೀಟರಿನಲ್ಲಿ ಪ್ರತಿ ಉಸಿರಿಗೂ ಮೇಲಿನದರ ಎರಡರಷ್ಟು ಗಾಳಿ ಖರ್ಚಾಗುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇದ್ದರೂ 50 ಉಳಿದಿರುವಾಗಲೇ ಮೇಲೆ ಬಂದಿರಬೇಕು. ಮೈಕಟ್ಟು ದೊಡ್ಡದಿದ್ದಷ್ಟು, ಕೈಕಾಲು ಬಡಿದಷ್ಟು, ಗಾಬರಿಯಾದಷ್ಟು ಗಾಳಿ ಬೇಗ ಮುಗಿಯುತ್ತದೆ. ಅಂಕಲ್ ಕೈಕಟ್ಟಿ ತೇಲುತ್ತಾರೆ, ಮೂವತ್ತು ವರ್ಷ ಸಭೆಗಳಲ್ಲಿ ಕೂತ ಅಭ್ಯಾಸ. ಅವರ ಸೊಂಟಕ್ಕೆ ಸೀಸ ಒಂದೆರಡು ಕಿಲೋ ಹೆಚ್ಚು ಬೇಕಾಗುತ್ತದೆ ನಿಜ, ಕೊಬ್ಬು ತೇಲುತ್ತದೆ. ಅದೊಂದೇ ಅವರಿಗೆ ಬೀಳುವ ದಂಡ.

ದೋಣಿ ಮತ್ತೆ ಮುರುಡೇಶ್ವರಕ್ಕೆ ಬಂದ ಮೇಲೆ ಹುಡುಗನಿಗೆ ಹೊಳೆಯುವ ಸಂಗತಿ: ದ್ವೀಪಕ್ಕೆ ಹೋಗಿ ಬಂದರೂ ದ್ವೀಪದ ಮೇಲೆ ಕಾಲಿಟ್ಟಿಲ್ಲ. ಡೈವಿಂಗ್ ದೋಣಿಗಳು ಬಂಡೆಗಳ ಬಳಿ ಲಂಗರು ಹಾಕುತ್ತವೆ ಅಷ್ಟೆ. ಅಂದೇ ರಾತ್ರಿ ಮಂಗಳೂರಿನಿಂದ ವಿಮಾನ ಹತ್ತುವ ಯೋಜನೆ ಇದ್ದವರು ಅದನ್ನೂ ಬಿಡಬೇಕು. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಹಾರಬಾರದು. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ, ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋಗುವ ಮೊದಲು, ಹೊರಹೋಗಲು ಸಮಯ ಬೇಕು. ಬಸ್ಸಾದರೆ ಚಿಂತೆಯಿಲ್ಲ ಎನ್ನುವವರಿಗೆ ನೆನಪಿರಲಿ, ಬೆಂಗಳೂರು ಇರುವುದೇ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಕಡಿಮೆ ಆಳದ ಮೊದಲ ಡೈವಿಗೆ ಅಪಾಯ ಚಿಕ್ಕದು, ಆದರೂ ಘಾಟಿ ಹತ್ತುವ ಹೊತ್ತನ್ನು ಕಲಿಸುವವರಿಗೆ ಹೇಳಿ ಕೇಳುವುದು ಒಳ್ಳೆಯದು. ಒಂದು ರಾತ್ರಿ ಕರಾವಳಿಯಲ್ಲೇ ಕಳೆಯುವುದಕ್ಕೆ ಇದಕ್ಕಿಂತ ಗೌರವದ ನೆಪ ಸಿಗದು.

ಹಾಗಾಗಿ ಭಾನುವಾರ ಮಲ್ಪೆ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪ, ಊರವರಿಗೆ ತೋನ್ಸೆಪಾರ್. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಇಲ್ಲಿ ಕಾಲಿಡಬಹುದು, ಬರಿಗಾಲು ಮಾತ್ರ ಬೇಡ. ಬೀಚ್ ಎಂದರೆ ಮರಳೆಂದು ನಂಬಿ ಚಪ್ಪಲಿ ಬಿಚ್ಚಿದವನ ಅಂಗಾಲಿಗೆ ಒಡೆದ ಚಿಪ್ಪುಗಳು ಸಿಗುತ್ತವೆ. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟು ಆದ ಮೂಲೆಮೂಲೆಯ ಕಂಬಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದವು. ಅಷ್ಟು ಕಾಲ ಕಾದಿರುವ ಕಲ್ಲು ಮಧ್ಯಾಹ್ನ ಹನ್ನೆರಡಕ್ಕೆ ಇನ್ನೂ ಚೆನ್ನಾಗಿ ಕಾದಿರುತ್ತದೆ. ನೀರಂಚಿನ ಕಲ್ಲು ಪಾಚಿಯಿಂದ ಜಾರುತ್ತದೆ. ಒಂದೇ ಕಂಬದ ಮೇಲೆ ಒಂಟಿಕಾಲಿನಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಗುರುವಾರದ ತೊಡೆ ಅದಕ್ಕೆ ಒಪ್ಪುವುದಿಲ್ಲ, ಮೊಬೈಲು ಮೊದಲು ನೀರಿಗೆ ಬೀಳುತ್ತದೆ.

ನೀರು ಹೋಗದ ಚೀಲದಲ್ಲಿತ್ತಲ್ಲ ಎನ್ನಬಹುದು. ಆ ಚೀಲವನ್ನು ಮನೆಯಲ್ಲೇ ಪರೀಕ್ಷಿಸಬೇಕಿತ್ತು. ಒಳಗೆ ಟಿಶ್ಯೂ ಪೇಪರ್ ಹಾಕಿ, ಮುಚ್ಚಿ, ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಪೇಪರೇ ಸತ್ಯ ಹೇಳುತ್ತದೆ. ಈಗ ಮಾಡಬೇಕಾದ್ದು: ತಕ್ಷಣ ಆಫ್ ಮಾಡಿ, ಸಿಮ್ ತಟ್ಟೆ ತೆಗೆದು, ಹೊರಗಿನ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಿಪೇರಿಯವರ ಕೈ ಸೇರುವವರೆಗೆ ಚಾರ್ಜಿಗೆ ಹಾಕದಿರುವುದು. ಮಾಡುವುದು ಮಾತ್ರ ಹೋಟೆಲಿನವರ ಹತ್ತಿರ ಅರ್ಧ ಸೇರು ಅಕ್ಕಿ ಕೇಳುವುದು. ಅಕ್ಕಿ ಉಪ್ಪನ್ನು ಹೀರುವುದಿಲ್ಲ, ಹೊಟ್ಟು ಮಾತ್ರ ಚಾರ್ಜರಿನ ತೂತಿಗೆ ಸೇರುತ್ತದೆ.

ಇಲ್ಲಿಂದ 'ಮೂಡಿಲ್ಲ ಮಗಾ' ಎನ್ನುವ ಮೂರನೆಯವನ ಆಳ್ವಿಕೆ. ಸಂಜೆ ಐದಕ್ಕೆ ಹುಡುಗ ತೀರ ನೋಡುತ್ತಾ 'ಲೈಫಲ್ಲಿ ಏನಿದೆ' ಎನ್ನುತ್ತಾನೆ. ಗೆಳೆಯರು ಹಳೆಯ ಹುಡುಗಿಯ ನೆನಪೆಂದು ಭುಜ ತಟ್ಟುತ್ತಾರೆ. ಲೆಕ್ಕ ಹಾಕಿದರೆ ಎರಡು ರಾತ್ರಿಯಿಂದ ನಿದ್ದೆ ಒಂಬತ್ತು ಗಂಟೆ, ಬೆಳಗಿನಿಂದ ಕುಡಿದ ನೀರು ಎರಡು ಲೋಟ, ಕಾಲಿನ ಹಿಂಬದಿಯ ಮೀನಖಂಡ ಪೂರ್ತಿ ಕೆಂಪು, ಸನ್‌ಸ್ಕ್ರೀನ್ ಹಚ್ಚುವಾಗ ಅಲ್ಲಿಗೆ ಕೈ ಹೋಗಿರಲಿಲ್ಲ. ಒಂದು ಎಳನೀರು, ಒಂದು ತಟ್ಟೆ ಕುಚ್ಚಲಕ್ಕಿ ಅನ್ನ, ಸಾರು ಹೊಟ್ಟೆಗೆ ಬಿದ್ದ ಇಪ್ಪತ್ತು ನಿಮಿಷಕ್ಕೆ ತತ್ತ್ವಜ್ಞಾನ ಇಳಿದು, ಮುಂದಿನ ತಿಂಗಳು ಅಂಡಮಾನ್ ಎಂಬ ಮಾತು ಏಳುತ್ತದೆ. ಅಮ್ಮ ಗೆಳೆಯನ ಫೋನಿಗೆ ಕರೆ ಮಾಡಿ "ಊಟ ಆಯ್ತೇನೋ?" ಎನ್ನುವುದರಲ್ಲಿ ಇಡೀ ವೈದ್ಯಶಾಸ್ತ್ರ ಅಡಗಿದೆ ಎಂದು ಅವನಿಗೆ ಯಾರೂ ಹೇಳಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಅವನ ಕಿವಿಯಲ್ಲಿ ಇನ್ನೂ ನೀರು, ಶೂಸಿನಲ್ಲಿ ಚಿಪ್ಪಿನ ಚೂರು, ಮೂಗಿನ ಮೇಲೆ ಸಿಪ್ಪೆ. ಮ್ಯಾನೇಜರ್ ಬಂದು, "ಎಲ್ಲಾ ಓಕೆನಾ? ಹನ್ನೊಂದಕ್ಕೆ ರಿಪೋರ್ಟ್ ಆಗುತ್ತಾ?" ಎನ್ನುತ್ತಾರೆ. ಹುಡುಗ ಮಾತಾಡದೆ ಹೆಬ್ಬೆರಳು ಎತ್ತುತ್ತಾನೆ. ಒಂದು ಕ್ಷಣ ಕಾಯುತ್ತಾನೆ. ಕೈಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುವವರು ಯಾರೂ ಬರುವುದಿಲ್ಲ.